ಕಲ್ಲಿನ ನೆತ್ತಿಯ ಸೂರ್ಯ-ಚಂದ್ರರು

ದಾಂಡೇಲಿಯಿಂದ ಹಳಿಯಾಳಕ್ಕೋ, ಹಳಿಯಾಳದಿಂದ ಕಲಘಟಗಿಗೋ, ಮುಂಡಗೋಡದಿಂದ ಹಾನಗಲ್ಲಿಗೋ ಬಸ್ಸಿನಲ್ಲಿ ಹೋಗುವವರು ಇಂಥ ಕಲ್ಲುಗಳನ್ನು ನೋಡಿಯೇ ಇರುತ್ತಾರೆ. ಊರ ಮುಂದಿನ ಹನುಮಂತನ ಗುಡಿಯ ಪಕ್ಕದಲ್ಲಿ, ಕೆರೆಯ ಏರಿಯ ಮೇಲೆ ಅಥವಾ ಅರಳಿಕಟ್ಟೆಯ ಬುಡದಲ್ಲಿ ಎದೆಮಟ್ಟದ ಒಂದು ಚಪ್ಪಡಿ ಅರ್ಧ ಹೂತು ನಿಂತಿರುತ್ತದೆ. ಅದರ ಮೇಲೆ ಎಣ್ಣೆಯ ಜಿಡ್ಡು, ಒಂದಿಷ್ಟು ಕುಂಕುಮ. ಮಕ್ಕಳು ಅದಕ್ಕೆ ಒರಗಿ ಕೂರುತ್ತಾರೆ, ದನಗಳು ಮೈ ತಿಕ್ಕುತ್ತವೆ. ಅದೇನೆಂದು ಕೇಳಿದರೆ 'ದೇವರ ಕಲ್ಲು', 'ಹಳೇ ಕಾಲದ್ದು' ಎಂಬ ಉತ್ತರ ಬರುತ್ತದೆ. ಕೆಲವು ಕಡೆ 'ಇದರ ಕೆಳಗೆ ನಿಧಿ ಇದೆ' ಎಂಬ ಪಿಸುಮಾತೂ ಸೇರಿಕೊಳ್ಳುತ್ತದೆ.

ಸ್ವಲ್ಪ ಹೊತ್ತು ಎದುರು ನಿಂತು ನೋಡಿದರೆ ಆ ಚಪ್ಪಡಿಯಲ್ಲಿ ಮನುಷ್ಯರು ಕಾಣುತ್ತಾರೆ. ಬಿಲ್ಲು ಹಿಡಿದವನೊಬ್ಬ, ಓಡುತ್ತಿರುವ ದನಗಳು, ಅವನ ಎರಡು ಪಕ್ಕದಲ್ಲಿ ಕೈಹಿಡಿದ ಹೆಂಗಸರು, ಮೇಲೊಂದು ಲಿಂಗ, ಇನ್ನೂ ಮೇಲೆ ನೆತ್ತಿಯ ಮೂಲೆಗಳಲ್ಲಿ ಒಂದು ಗುಂಡು ಬಿಲ್ಲೆ, ಒಂದು ಕುಡುಗೋಲಿನಂಥ ಬಾಗು. ಇವು ಶಿಲ್ಪಿಯ ಮನಸ್ಸಿಗೆ ತೋಚಿದ ಅಲಂಕಾರಗಳಲ್ಲ. ಒಂದೊಂದಕ್ಕೂ ನಿಶ್ಚಿತವಾದ ಸ್ಥಾನವಿದೆ, ನಿಶ್ಚಿತವಾದ ಅರ್ಥವಿದೆ. ಅಕ್ಷರ ಬಾರದ ಜನರಿಗಾಗಿ, ಅಕ್ಷರವಿಲ್ಲದೆಯೇ ಬರೆದ ಬರಹವಿದು. ಓದುವ ಅಭ್ಯಾಸ ತಪ್ಪಿಹೋದದ್ದರಿಂದ ಇಂದು ಅದು ಬರೀ ಕಲ್ಲಾಗಿದೆ.

ಓದುವುದು ಕೆಳಗಿನಿಂದ ಮೇಲಕ್ಕೆ

ಪುಸ್ತಕವನ್ನು ಮೇಲಿನಿಂದ ಕೆಳಕ್ಕೆ ಓದುತ್ತೇವೆ. ವೀರಗಲ್ಲನ್ನು ಓದಬೇಕಾದದ್ದು ಕೆಳಗಿನಿಂದ ಮೇಲಕ್ಕೆ. ಕಲ್ಯಾಣ ಚಾಲುಕ್ಯರ ಮತ್ತು ಕದಂಬ ಶಾಖೆಗಳ ಕಾಲದ, ಎಂದರೆ 11ರಿಂದ 13ನೇ ಶತಮಾನದವರೆಗಿನ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಅಂಕಣಗಳಿರುತ್ತವೆ. ಕೆಲವು ದೊಡ್ಡ ಕಲ್ಲುಗಳಲ್ಲಿ ನಾಲ್ಕು, ಐದು ಇರುವುದೂ ಉಂಟು. ಅಂಕಣಗಳ ನಡುವಿನ ಪಟ್ಟಿಗಳಲ್ಲಿ, ಬರೆಸುವ ಅನುಕೂಲವಿದ್ದವರು ಶಾಸನವನ್ನು ಬರೆಸುತ್ತಿದ್ದರು.

ಕೆಳಗಿನ ಅಂಕಣ ಮಣ್ಣಿಗೆ ಸೇರಿದ್ದು. ಅಲ್ಲಿ ಹೋರಾಟ ನಡೆದಿದೆ. ವೀರನ ಆಕೃತಿ ಉಳಿದವರಿಗಿಂತ ದೊಡ್ಡದಾಗಿರುತ್ತದೆ. ಅದು ಅವನ ಮೈಕಟ್ಟಿನ ಅಳತೆಯಲ್ಲ, ಗೌರವದ ಅಳತೆ. ಎದುರಾಳಿಗಳು ಕುದುರೆಯ ಮೇಲಿದ್ದು ಈತ ಕಾಲಾಳಾಗಿದ್ದರೂ ಈತನೇ ಎತ್ತರ ಕಾಣುತ್ತಾನೆ. ಅಂಕಣದಲ್ಲಿ ದನಗಳ ಸಾಲಿದ್ದರೆ ಅದು ತುರುಗೋಳ್, ಗೋವುಗಳನ್ನು ಅಪಹರಿಸಲು ಬಂದವರೊಡನೆ ನಡೆದ ಕಾದಾಟ. ಹೆಂಗಸಿನ ಆಕೃತಿಯನ್ನು ಯಾರೋ ಹಿಡಿದೆಳೆಯುತ್ತಿದ್ದರೆ ಅದು ಪೆಣ್ಬುಯ್ಯಲ್, ಹೆಣ್ಣಿನ ಮಾನರಕ್ಷಣೆಯ ಹೋರಾಟ. ಹುಲಿ, ಹಂದಿಗಳಿದ್ದರೆ ಬೇಟೆ. ಆನೆ, ಕುದುರೆ, ಕೊಡೆಗಳಿದ್ದರೆ ಅರಸರ ಯುದ್ಧ. ಕೆಳಗಿನ ಅಂಕಣವೊಂದನ್ನು ನೋಡಿದರೆ ಸಾಕು, ಆತ ಏತಕ್ಕಾಗಿ ಸತ್ತ ಎಂಬುದು ತಿಳಿಯುತ್ತದೆ.

ನಡುವಿನ ಅಂಕಣ ಆಕಾಶಕ್ಕೆ ಸೇರಿದ್ದು. ಸತ್ತ ವೀರನನ್ನು ಅಪ್ಸರೆಯರು ಎರಡೂ ಬದಿಯಿಂದ ತೋಳು ಕೊಟ್ಟು ಕರೆದೊಯ್ಯುತ್ತಾರೆ. ಕೆಲವು ಕಡೆ ಆತ ವಿಮಾನದಲ್ಲಿ ಕೂತಿರುತ್ತಾನೆ, ಚಾಮರ ಬೀಸುವವರು ಇರುತ್ತಾರೆ. ಗೆದ್ದವನಿಗೆ ಸಂಪತ್ತು, ಸತ್ತವನಿಗೆ ಸುರಾಂಗನೆ, ಕ್ಷಣದಲ್ಲಿ ಅಳಿಯುವ ಈ ದೇಹಕ್ಕಾಗಿ ರಣದಲ್ಲಿ ಚಿಂತೆಯೇಕೆ ಎಂಬ ಅರ್ಥದ ಸಂಸ್ಕೃತ ಶ್ಲೋಕವೊಂದು ಕನ್ನಡ ನಾಡಿನ ಎಷ್ಟೋ ವೀರಗಲ್ಲುಗಳಲ್ಲಿ ಕೊರೆಯಲ್ಪಟ್ಟಿದೆ. ಆ ಶ್ಲೋಕವನ್ನು ಓದಲಾರದವನಿಗೆ ಅದೇ ಮಾತನ್ನು ನಡುವಿನ ಅಂಕಣ ಚಿತ್ರದಲ್ಲಿ ಹೇಳುತ್ತದೆ.

ಮೇಲಿನ ಅಂಕಣ ಕೈಲಾಸ. ನಡುವೆ ಶಿವಲಿಂಗ, ಒಂದು ಕಡೆ ಪೂಜಿಸುತ್ತಿರುವ ಯತಿ, ಮತ್ತೊಂದು ಕಡೆ ಕೈಮುಗಿದು ಕೂತ ವೀರ, ಜೊತೆಗೆ ನಂದಿ. ಕೆಳಗೆ ಕತ್ತಿ ಬೀಸುತ್ತಿದ್ದ ಅದೇ ವ್ಯಕ್ತಿ ಇಲ್ಲಿ ಆಯುಧವಿಲ್ಲದೆ ಶಾಂತನಾಗಿದ್ದಾನೆ. ವೀರ ಜೈನನಾಗಿದ್ದರೆ ಲಿಂಗದ ಸ್ಥಾನದಲ್ಲಿ ಜಿನಬಿಂಬ ಇರುತ್ತದೆ. ಎಲ್ಲಕ್ಕೂ ಮೇಲೆ ಸೂರ್ಯ ಮತ್ತು ಚಂದ್ರ. ಆ ಎರಡು ಇರುವವರೆಗೆ ಈ ಹೆಸರು ಇರಲಿ ಎಂಬುದೇ ಕಲ್ಲಿನ ಕೊನೆಯ ಮಾತು.

ಎಲ್ಲ ಕಾಲದ ಕಲ್ಲುಗಳೂ ಹೀಗೆಯೇ ಇರುತ್ತವೆ ಎಂದಲ್ಲ. ಚಿತ್ರದುರ್ಗದ ಬಳಿಯ ತಮಟಕಲ್ಲಿನಲ್ಲಿ ಗುಣಮಧುರನೆಂಬ ವೀರನ ನೆನಪಿನ ಬಹು ಹಳೆಯ ಕನ್ನಡ ಶಾಸನವಿದೆ. ಗಂಗರ ಕಾಲದ ಕಲ್ಲುಗಳಲ್ಲಿ ಅನೇಕ ವೇಳೆ ಒಂದೇ ಅಂಕಣ, ಒಂದೇ ದೊಡ್ಡ ಚಿತ್ರ. ಬೆಂಗಳೂರು ಎಂಬ ಊರ ಹೆಸರು ಕಾಣಿಸಿಕೊಳ್ಳುವ, ಸುಮಾರು ಕ್ರಿ.ಶ. 890ರ ಬೇಗೂರಿನ ಶಾಸನವೂ ಒಂದು ವೀರಗಲ್ಲೇ. ರಾಜಧಾನಿಯ ಹೆಸರು ಮೊದಲು ದಾಖಲಾದದ್ದು ಯಾವುದೋ ಅರಮನೆಯ ಗೋಡೆಯ ಮೇಲಲ್ಲ, ಕಾಳಗದಲ್ಲಿ ಸತ್ತವನೊಬ್ಬನ ಕಲ್ಲಿನ ಮೇಲೆ.

ಹಲಸಿಗೆ-ಹಾನಗಲ್ಲುಗಳ ನಡುವೆ

ದಾಂಡೇಲಿ ಇಂದು ನಾವು ಕಾಣುವ ರೂಪದಲ್ಲಿ ಹೊಸ ಊರು. ಕಟ್ಟಿಗೆಯ ಡಿಪೋ, ಕಾಗದದ ಕಾರ್ಖಾನೆ, ಕಾಳಿ ನದಿಯ ವಿದ್ಯುತ್ ಯೋಜನೆ ಇವೆಲ್ಲ ಇಪ್ಪತ್ತನೇ ಶತಮಾನದವು. ಆದರೆ ಅದರ ಸುತ್ತಲಿನ ನೆಲ ಹಳೆಯದು. ಹಳಿಯಾಳದಿಂದ ವಾಯವ್ಯಕ್ಕೆ, ಖಾನಾಪುರ ತಾಲ್ಲೂಕಿನಲ್ಲಿರುವ ಹಲಸಿ ಐದನೇ ಶತಮಾನದಲ್ಲಿಯೇ ಬನವಾಸಿ ಕದಂಬರ ಎರಡನೇ ರಾಜಧಾನಿಯಂತಿತ್ತು. ಪಲಾಶಿಕಾ ಎಂಬುದು ಅದರ ಅಂದಿನ ಹೆಸರು. ಕಾಕುಸ್ಥವರ್ಮನು ತನ್ನ ಸೇನಾಪತಿ ಶ್ರುತಕೀರ್ತಿಗೆ ಭೂಮಿ ಕೊಟ್ಟ ತಾಮ್ರಪಟ ಅಲ್ಲಿ ಸಿಕ್ಕಿತು. ಮೃಗೇಶವರ್ಮನು ಅಲ್ಲಿ ಜಿನಾಲಯ ಕಟ್ಟಿಸಿದ್ದೂ ತಾಮ್ರಪಟಗಳಿಂದಲೇ ತಿಳಿದದ್ದು.

ಏಳು ಶತಮಾನಗಳ ನಂತರ ಅದೇ ಹಲಸಿ ಗೋವೆಯ ಕದಂಬರ ಕೈಯಲ್ಲಿ ಮತ್ತೆ ಮೆರೆಯಿತು. ಹನ್ನೆರಡನೇ ಶತಮಾನದಲ್ಲಿ ಶಿವಚಿತ್ತ ಪೆರ್ಮಾಡಿಯ ಆಳ್ವಿಕೆಯಲ್ಲಿ ಅಲ್ಲಿಯ ಭೂವರಾಹ ನರಸಿಂಹ ದೇವಾಲಯಕ್ಕೆ ದಾನಗಳು ನಡೆದವು. ಅವನ ರಾಣಿ ಕಮಲಾದೇವಿ ದೇಗಾವಿಯಲ್ಲಿ ಕಮಲನಾರಾಯಣ ದೇವಾಲಯವನ್ನು ಕಟ್ಟಿಸಿದಳು. ಹಲಸಿಗೆ ಹನ್ನೆರಡು ಸಾವಿರ, ಕೊಂಕಣ ಒಂಬೈನೂರು ಎಂಬವು ಇವರ ಆಳ್ವಿಕೆಯ ನಾಡುಗಳು. ಇವರ ಲಾಂಛನ ಸಿಂಹ. ಪೂರ್ವಕ್ಕೆ, ಮುಂಡಗೋಡಕ್ಕೆ ತಾಗಿದಂತೆ, ಹಾನಗಲ್ಲಿನ ಕದಂಬರ ಪಾನುಂಗಲ್ ಐನೂರು. ಅಂದರೆ ಇಂದಿನ ಹಳಿಯಾಳ, ಮುಂಡಗೋಡ ಸೀಮೆ ಎರಡು ಕದಂಬ ಮನೆತನಗಳ ನಡುವಿನ, ಕಾಡು ಮತ್ತು ಬಯಲು ಕೂಡುವ ಅಂಚಿನ ನಾಡು.

ಇಂಥ ಅಂಚಿನ ನಾಡಿನಲ್ಲಿ ವೀರಗಲ್ಲುಗಳು ಹುಟ್ಟುವುದು ಸಹಜ. ಗಡಿಯಲ್ಲಿ ದನ ಹೊಡೆದುಕೊಂಡು ಹೋಗುವವರು ಹೆಚ್ಚು, ದಾರಿ ಕಾಯುವವರೂ ಹೆಚ್ಚು. ಕಾಡಿನ ಮೃಗಗಳ ಕಾಟ ಬೇರೆ. ಇನ್ನು ಅರಸರ ಯುದ್ಧಗಳಂತೂ ಇದ್ದೇ ಇದ್ದವು. 1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನು ಹಾನಗಲ್ಲಿಗೆ ಮುತ್ತಿಗೆ ಹಾಕಿದಾಗ ಕದಂಬ ಕಾಮದೇವನ ಪಡೆ ಕೋಟೆಯನ್ನು ಕಾದು ನಿಂತಿತು. ಹಾನಗಲ್ಲಿನಲ್ಲಿ ಇಂದಿಗೂ ಕಾಣುವ ದೊಡ್ಡ ವೀರಗಲ್ಲುಗಳಲ್ಲಿ ಆನೆ, ಕುದುರೆ, ಕಾಲಾಳುಗಳು ಕಿಕ್ಕಿರಿದು ಅಂಕಣದಿಂದಾಚೆ ಚೆಲ್ಲುವಂತೆ ತೋರುತ್ತವೆ. ಅರಸರ ಇತಿಹಾಸದಲ್ಲಿ ಒಂದು ಸಾಲಾಗುವ ಯುದ್ಧ ಊರಿನ ಮಟ್ಟದಲ್ಲಿ ಎಷ್ಟು ಮನೆಗಳ ಸಾವಾಗಿತ್ತು ಎಂಬುದನ್ನು ಇಂಥ ಕಲ್ಲುಗಳಿಂದಲೇ ಅಂದಾಜು ಮಾಡಬೇಕು.

ಹೆಚ್ಚಿನ ವೀರಗಲ್ಲುಗಳಲ್ಲಿ ಅಕ್ಷರವೇ ಇಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಬರೆಯುವವನಿಗೆ, ಕಡೆಯುವವನಿಗೆ ಇಬ್ಬರಿಗೂ ಕೂಲಿ ಕೊಡುವ ಶಕ್ತಿ ಎಲ್ಲ ಕುಟುಂಬಗಳಿಗೂ ಇರಲಿಲ್ಲ. ಅಕ್ಷರವಿಲ್ಲದ ಕಲ್ಲುಗಳು ಶಾಸನ ಸಂಪುಟಗಳಲ್ಲಿ ಸೇರುವುದಿಲ್ಲ. ಹಾಗಾಗಿ ಅರಸನ ದಾನ ಅಚ್ಚಾಗಿದೆ, ದನಗಾಹಿಯ ಸಾವು ಅಚ್ಚಾಗಿಲ್ಲ. ಆ ದನಗಾಹಿಯ ಬಗೆಗೆ ಇರುವ ಏಕೈಕ ದಾಖಲೆ ಅರಳಿಕಟ್ಟೆಯ ಬುಡದ ಆ ಚಿತ್ರ ಮಾತ್ರ.

ಹುಲಿ, ಹಂದಿ, ನಾಯಿ

ಮಲೆನಾಡಿನ ಅಂಚಿನಲ್ಲಿ ಹುಲಿಯೊಡನೆ ಹೋರಾಡಿ ಸತ್ತವರ ಕಲ್ಲುಗಳು ವಿಶೇಷ. ಒಂದೇ ಅಂಕಣ, ಎದ್ದು ನಿಂತ ಹುಲಿ, ಅದರ ಬಾಯಿಗೋ ಎದೆಗೋ ಕಠಾರಿ ಇಟ್ಟ ಮನುಷ್ಯ. ಇಬ್ಬರ ಎತ್ತರವೂ ಒಂದೇ. ಸೋತವರಾರು, ಗೆದ್ದವರಾರು ಎಂಬುದನ್ನು ಶಿಲ್ಪಿ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ, ಕಲ್ಲು ನಿಂತಿದೆ ಎಂದರೆ ಮನುಷ್ಯ ಸತ್ತಿದ್ದಾನೆ ಎಂದೇ ಅರ್ಥ.

ಇದಕ್ಕಿಂತ ಬೇರೆ ಬಗೆಯ ಹುಲಿಕಲ್ಲುಗಳೂ ಇವೆ. ಉತ್ತರ ಕನ್ನಡ ಮತ್ತು ಗೋವೆಯ ಕಾಡಂಚಿನಲ್ಲಿ ಹುಲಿಯನ್ನೇ ದೇವರೆಂದು ಕಲ್ಲಿನಲ್ಲಿ ಕಡೆದು ಪೂಜಿಸುವ ಪದ್ಧತಿ ಇದೆ. ಕನ್ನಡದಲ್ಲಿ ಹುಲಿದೇವರು, ಕೊಂಕಣಿಯಲ್ಲಿ ವಾಘ್ರೊ. ಇಲ್ಲಿ ಎದುರಾಳಿ ಮನುಷ್ಯನಿಲ್ಲ, ಹುಲಿ ಒಂದೇ. ಮೊದಲನೆಯದು ಆಗಿಹೋದ ಸಾವಿನ ನೆನಪಾದರೆ ಎರಡನೆಯದು ಮುಂದೆ ಸಾವು ಆಗದಿರಲಿ ಎಂಬ ಬೇಡಿಕೆ. ಎರಡೂ ಕಲ್ಲುಗಳು ನೋಡಲು ಹತ್ತಿರ, ಅರ್ಥದಲ್ಲಿ ದೂರ. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಮೀಸಲು ಪ್ರದೇಶ ಘೋಷಣೆಯಾಯಿತು, 2015ರಲ್ಲಿ ಅದಕ್ಕೆ ಕಾಳಿ ಎಂಬ ಹೆಸರು ಬಂತು. ಹುಲಿಯೊಡನೆ ಬಾಳುವುದು ಹೇಗೆ ಎಂಬ ಪ್ರಶ್ನೆಗೆ ಈ ಸೀಮೆಯ ಜನ ಬಹು ಹಿಂದೆಯೇ ಕಲ್ಲಿನಲ್ಲಿ ಎರಡು ಬಗೆಯ ಉತ್ತರ ಬರೆದಿಟ್ಟಿದ್ದರು ಎನ್ನಬಹುದು.

ವೀರಗಲ್ಲಿನ ಗೌರವ ಮನುಷ್ಯರಿಗೆ ಮಾತ್ರ ಮೀಸಲಾಗಿರಲಿಲ್ಲ ಎಂಬುದಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಸಾಕ್ಷಿ. ಕ್ರಿ.ಶ. 949-50ರ ಈ ಶಾಸನದ ಕಾಲ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನದು. ಗಂಗ ಇಮ್ಮಡಿ ಬೂತುಗನ ಸೇವಕ ಮಣಲೇರನು ಚೋಳರ ಮೇಲಿನ ಯುದ್ಧದಲ್ಲಿ ಪರಾಕ್ರಮ ತೋರಿದಾಗ, ಬೇಕಾದದ್ದನ್ನು ಕೇಳು ಎಂದ ಒಡೆಯನಿಂದ ಅವನು ಕೇಳಿಕೊಂಡದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಂದರ ಮೇಲೆ ಬಿದ್ದು, ಎರಡೂ ಒಂದನ್ನೊಂದು ಕೊಂದು ಸತ್ತವು. ಮಣಲೇರ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಭೂಮಿ ಕೊಟ್ಟ. ಕಲ್ಲನ್ನು ಪೂಜಿಸದೆ ಉಣ್ಣುವ ಪೂಜಾರಿಗೆ ನಾಯಿ ಮಾಡಿದ ಪಾಪ ತಟ್ಟಲಿ ಎಂದೂ ಬರೆಸಿದ. ಕಲ್ಲಿನಲ್ಲಿ ನಾಯಿ, ಹಂದಿ ಎರಡೂ ಮೈಗೆ ಮೈ ಹಚ್ಚಿ ಸೆಣಸುತ್ತಿವೆ. ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಜರ ಯುದ್ಧದ ಸುದ್ದಿಯನ್ನೂ ನಾಯಿಯ ಸಾವನ್ನೂ ಒಂದೇ ಕಲ್ಲು ಹೊತ್ತಿದೆ.

ಬಳೆ ತೊಟ್ಟ ಕೈ

ಕೆಲವು ಕಲ್ಲುಗಳಲ್ಲಿ ಒಂದು ಕಂಬ, ಕಂಬದಿಂದ ಹೊರಟ ಒಂದು ತೋಳು. ಮೊಣಕೈ ಬಾಗಿ ಅಂಗೈ ಮೇಲೆ ಎತ್ತಿರುತ್ತದೆ. ಕೈ ತುಂಬ ಬಳೆ, ಬೆರಳ ನಡುವೆ ಒಂದು ನಿಂಬೆಹಣ್ಣು. ಇದು ಮಹಾಸತಿ ಕಲ್ಲು. ಜನರ ಬಾಯಲ್ಲಿ ಮಾಸ್ತಿಕಲ್ಲು. ಗಂಡನೊಡನೆ ಬೆಂಕಿಗೆ ಬಿದ್ದ ಹೆಂಡತಿಯ ಸ್ಮಾರಕ. ಬಳೆ ಒಡೆಯದೆ ಉಳಿದಿದೆ, ಎಂದರೆ ಆಕೆ ವಿಧವೆಯಾಗಲೇ ಇಲ್ಲ ಎಂಬುದು ಈ ಚಿಹ್ನೆಯ ಒಡಲು. ಕೆಲವು ಕಡೆ ವೀರಗಲ್ಲಿನಲ್ಲೇ ವೀರನ ಪಕ್ಕದಲ್ಲಿ ಈ ಕೈ ಮೂಡಿರುತ್ತದೆ, ಕೆಲವು ಕಡೆ ಪ್ರತ್ಯೇಕ ಕಲ್ಲು.

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನ ದೇಕಬ್ಬೆ ಎಂಬಾಕೆಯದು. ಗಂಡ ಸತ್ತ ಸುದ್ದಿ ಕೇಳಿ ಬೆಂಕಿಗೆ ಬೀಳಲು ಹೊರಟ ಆಕೆಯನ್ನು ತಂದೆ ತಾಯಿಗಳೂ ಬಂಧುಗಳೂ ತಡೆದರು, ಆಕೆ ಕೇಳಲಿಲ್ಲ ಎಂದು ಆ ಶಾಸನ ಕಾವ್ಯದಂತೆ ಹೇಳುತ್ತದೆ. ಕನ್ನಡ ಶಾಸನ ಸಾಹಿತ್ಯದಲ್ಲಿ ಅದಕ್ಕೆ ದೊಡ್ಡ ಹೆಸರಿದೆ. ತಡೆದವರಿದ್ದರು ಎಂಬ ಮಾತನ್ನು ಮಾತ್ರ ಓದುಗರು ಮರೆಯಬಾರದು. ಆ ಕಾಲದಲ್ಲಿಯೂ ಇದನ್ನು ಬೇಡವೆಂದ ಮನಸ್ಸುಗಳಿದ್ದವು ಎಂಬುದನ್ನು ಹೊಗಳುವ ಶಾಸನವೇ ಒಪ್ಪಿಕೊಂಡಿದೆ.

ಮಾಸ್ತಿಕಲ್ಲಿನ ಎದುರು ಇಂದಿನವರ ಮನಸ್ಸು ಎರಡಾಗುತ್ತದೆ. 1829ರಲ್ಲಿ ಬೆಂಟಿಂಕನು ಬಂಗಾಳದಲ್ಲಿ ಸತಿಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಿದ. 1987ರ ಕಾಯ್ದೆ ಅದರ ವೈಭವೀಕರಣವನ್ನೂ ಅಪರಾಧವೆಂದಿತು. ಹಾಗೆಂದು ಆ ಕಲ್ಲುಗಳನ್ನು ಕಿತ್ತೆಸೆಯಬೇಕೆ? ಕಿತ್ತರೆ ಅಳಿಯುವುದು ಪದ್ಧತಿಯಲ್ಲ, ಅದು ನಡೆದಿತ್ತು ಎಂಬುದರ ಸಾಕ್ಷ್ಯ. ಹೆಸರಿಲ್ಲದ ಎಷ್ಟೋ ಹೆಂಗಸರು ಹೇಗೆ ಸತ್ತರು ಎಂಬುದಕ್ಕೆ ಈ ತೋಳಿನ ಹೊರತು ಬೇರೆ ಪುರಾವೆ ಇಲ್ಲ. ಕಲ್ಲನ್ನು ಉಳಿಸುವುದು ಬೇರೆ, ಕಲ್ಲು ಹೊಗಳುವುದನ್ನು ಹೊಗಳುವುದು ಬೇರೆ.

ಆಕಳು, ಕರು, ಕತ್ತಿ, ಕತ್ತೆ

ಸಾವಿನ ಕಲ್ಲುಗಳ ಜೊತೆಗೆ ದಾನದ ಕಲ್ಲುಗಳಿವೆ. ಒಬ್ಬ ಅಧಿಕಾರಿ ದೇವಾಲಯಕ್ಕೆ ಗದ್ದೆ ಬಿಟ್ಟ, ಕೆರೆಗೆ ತೆರಿಗೆಯ ಪಾಲು ಬಿಟ್ಟ ಎಂದು ಬರೆಸಿದ ಶಾಸನಗಳು. ಇವುಗಳ ನೆತ್ತಿಯ ಅರ್ಧವೃತ್ತದಲ್ಲಿ ಚಿತ್ರಗಳ ಒಂದು ಗುಂಪು ಇರುತ್ತದೆ. ನಡುವೆ ಲಿಂಗ, ಪೂಜಿಸುವ ಯತಿ, ಒಂದು ಪಕ್ಕದಲ್ಲಿ ನಂದಿ, ಇನ್ನೊಂದು ಪಕ್ಕದಲ್ಲಿ ಕರುವಿಗೆ ಹಾಲೂಡುವ ಆಕಳು, ಹತ್ತಿರದಲ್ಲೊಂದು ಕತ್ತಿ, ಮೇಲೆ ಸೂರ್ಯ-ಚಂದ್ರ.

ಇಲ್ಲಿಯೂ ಒಂದೊಂದು ಚಿತ್ರ ಒಂದೊಂದು ವಾಕ್ಯ. ಲಿಂಗ ಎಂದರೆ ದಾನ ಪಡೆದದ್ದು ಶಿವಾಲಯ. ಬಸದಿಗಾದರೆ ಅಲ್ಲಿ ಮುಕ್ಕೊಡೆಯ ಕೆಳಗೆ ಜಿನ. ಕರು ತಾಯ ಹಾಲನ್ನು ನಿರಾತಂಕವಾಗಿ ಕುಡಿಯುವಂತೆ ದಾನ ಪಡೆದವರು ಅದನ್ನು ಅನುಭವಿಸಲಿ ಎಂದು ಆಕಳು-ಕರುವಿನ ಅರ್ಥವನ್ನು ವಿವರಿಸುವುದುಂಟು. ಕತ್ತಿ ಅದನ್ನು ಕಾಯುವ ಅಧಿಕಾರದ ಗುರುತು. ಸೂರ್ಯ-ಚಂದ್ರ ದಾನದ ಅವಧಿ. ಶಾಸನದ ಬರಹದಲ್ಲಿ ಆಚಂದ್ರಾರ್ಕ ಎಂದು ಬರುವ ಮಾತು ಚಿತ್ರದಲ್ಲಿ ಹೀಗಾಗಿದೆ. ಓದು ಬಾರದ ರೈತ ಕಲ್ಲಿನ ನೆತ್ತಿಯನ್ನು ನೋಡಿದರೆ ಸಾಕಿತ್ತು. ಈ ಗದ್ದೆ ದೇವರದು, ಮುಟ್ಟಬಾರದು, ಎಂದೆಂದಿಗೂ.

ಮುಟ್ಟಿದರೆ? ಅದಕ್ಕೆ ಶಾಸನದ ಕೊನೆಯಲ್ಲಿ ಶಾಪಾಶಯವಿರುತ್ತದೆ. ವಾರಣಾಸಿ, ಕುರುಕ್ಷೇತ್ರಗಳಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ಬರಲಿ ಎಂಬುದು ಸಾಮಾನ್ಯ ಒಕ್ಕಣೆ. ಕೊಂಕಣದ ಕಡೆ, ಶಿಲಾಹಾರರ ನಾಡಿನಲ್ಲಿ, ಇದನ್ನು ಅಕ್ಷರಕ್ಕೆ ಬಿಡದೆ ಚಿತ್ರದಲ್ಲೇ ಹೇಳಿದರು. ಕತ್ತೆಯ ಚಿತ್ರವಿರುವ ಆ ಕಲ್ಲುಗಳಿಗೆ ಮರಾಠಿಯಲ್ಲಿ ಗಧೆಗಳ್ ಎಂದೇ ಹೆಸರು. ದಾನಕ್ಕೆ ಅಳುಪಿದವನ ಮನೆತನಕ್ಕೆ ಅತ್ಯಂತ ಹೀನವಾದ ಅವಮಾನವನ್ನು ಅದು ಬಯಸುತ್ತದೆ. ಆ ಅವಮಾನವನ್ನು ಕಲ್ಲಿನಲ್ಲಿ ಹೊರುವುದು ಹೆಂಗಸಿನ ದೇಹವೇ ಎಂಬುದನ್ನೂ ಗಮನಿಸಬೇಕು. ಬೆದರಿಕೆಯ ಭಾಷೆಯೂ ಆ ಕಾಲದ ಸಮಾಜದ ಕನ್ನಡಿಯೇ.

ಇಂಗ್ಲೆಂಡಿನ ಒಂದು ಕಲ್ಲಿನ ತೊಟ್ಟಿ

ಓದು ಬಾರದವರಿಗಾಗಿ ಕಲ್ಲಿನಲ್ಲಿ ಬರೆಯುವ ಈ ಪದ್ಧತಿ ನಮ್ಮಲ್ಲಿ ಮಾತ್ರ ಇದ್ದುದಲ್ಲ. ಗೋವೆಯ ಕದಂಬರು ಹಲಸಿಯನ್ನು ಆಳುತ್ತಿದ್ದ ಹನ್ನೆರಡನೇ ಶತಮಾನದಲ್ಲಿಯೇ ಇಂಗ್ಲೆಂಡಿನ ಹಳ್ಳಿಯ ಚರ್ಚುಗಳಲ್ಲಿ ಮಗುವಿಗೆ ದೀಕ್ಷಾಸ್ನಾನ ಮಾಡಿಸುವ ಕಲ್ಲಿನ ತೊಟ್ಟಿಗಳ ಹೊರಮೈಯಲ್ಲಿ ಚಿತ್ರ ಕಡೆಯುತ್ತಿದ್ದರು. ಹೆರೆಫೋರ್ಡ್‌ಷೈರಿನ ಈರ್ಡಿಸ್ಲಿ ಎಂಬ ಊರಿನ ತೊಟ್ಟಿಯ ಮೇಲೆ ಇಬ್ಬರು ಯೋಧರು ಕಾದುತ್ತಿದ್ದಾರೆ, ಅದರ ಇನ್ನೊಂದು ಕಡೆ ಸಿಂಹವಿದೆ, ನರಕದಿಂದ ಆತ್ಮವನ್ನು ಕೈಹಿಡಿದು ಎಳೆದು ತರುತ್ತಿರುವ ಕ್ರಿಸ್ತನಿದ್ದಾನೆ. ನಾರ್ಫಕ್ ಪ್ರಾಂತದ ಬರ್ನ್‌ಹ್ಯಾಮ್ ಡೀಪ್‌ಡೇಲ್‌ನ ತೊಟ್ಟಿಯಲ್ಲಿ ಹನ್ನೆರಡು ತಿಂಗಳ ಕೃಷಿಕೆಲಸಗಳ ಚಿತ್ರಗಳಿವೆ. ಅನೇಕ ತೊಟ್ಟಿಗಳು ಎಂಟು ಮೂಲೆಯವು. ಲೋಕ ಸೃಷ್ಟಿಯಾದ ಏಳು ದಿನಗಳ ಬಳಿಕ ಬರುವ ಎಂಟನೆಯ ದಿನ ಪುನರುತ್ಥಾನದ, ಹೊಸ ಹುಟ್ಟಿನ ದಿನ ಎಂಬುದು ಆ ಎಂಟಕ್ಕೆ ಹೇಳುವ ಅರ್ಥ.

ಹೋಲಿಕೆ ಕುತೂಹಲಕರ. ಅವರ ತೊಟ್ಟಿ ಬದುಕಿನ ಬಾಗಿಲಲ್ಲಿ ನಿಂತಿದೆ, ನಮ್ಮ ವೀರಗಲ್ಲು ಸಾವಿನ ಬಾಗಿಲಲ್ಲಿ. ಎರಡರಲ್ಲೂ ಕಾದಾಟವಿದೆ, ಬಿಡುಗಡೆಯಿದೆ. ಎರಡರಲ್ಲೂ ಕಡೆದವನ ಹೆಸರು ಬಹುತೇಕ ಇಲ್ಲ. ಅಲ್ಲಿಯ ಚಿತ್ರಗಳಿಗೂ ಕಷ್ಟಕಾಲ ಬಂದಿತ್ತು. ಧರ್ಮಸುಧಾರಣೆಯ ಕಾಲದಲ್ಲಿ, ಮುಂದೆ 1640ರ ದಶಕದಲ್ಲಿ ಸಂಸತ್ತೇ ಮೂರ್ತಿಗಳನ್ನು ತೆಗೆಯಲು ಆಜ್ಞೆ ಹೊರಡಿಸಿದಾಗ, ಎಷ್ಟೋ ತೊಟ್ಟಿಗಳ ಮೇಲಿನ ಮುಖಗಳನ್ನು ಉಳಿಯಿಂದ ಕೆತ್ತಿ ಹಾಕಿದರು. ಅಲ್ಲಿ ಚಿತ್ರಗಳ ಅರ್ಥ ಚೆನ್ನಾಗಿ ತಿಳಿದಿದ್ದವರೇ ಅವನ್ನು ಒಡೆದರು. ನಮ್ಮಲ್ಲಿ ಒಡೆಯುತ್ತಿರುವವರಿಗೆ ಅರ್ಥವೇ ತಿಳಿದಿಲ್ಲ. ವ್ಯತ್ಯಾಸ ಇಷ್ಟೇ.

ವಾರಸುದಾರರಿಲ್ಲದ ಕಲ್ಲುಗಳು

ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹೀಗಾಗಿ ಬಿ. ಎಲ್. ರೈಸ್ 1886ರಿಂದ ಮೈಸೂರು ಸಂಸ್ಥಾನದ ಶಾಸನಗಳನ್ನು ತಾಲ್ಲೂಕುವಾರು ಸಂಗ್ರಹಿಸಿ ಪ್ರಕಟಿಸಿದಾಗ ಈ ಸೀಮೆ ಹೊರಗುಳಿಯಿತು. ಜೆ. ಎಫ್. ಫ್ಲೀಟ್ ಹಲಸಿಯ ತಾಮ್ರಪಟಗಳನ್ನೂ ಈ ಭಾಗದ ಅನೇಕ ಶಾಸನಗಳನ್ನೂ ಬೆಳಕಿಗೆ ತಂದರು. 1931ರಲ್ಲಿ ಜಾರ್ಜ್ ಮೊರೇಸ್ ಕದಂಬರ ಇತಿಹಾಸ ಬರೆದರು. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿದ ಮೇಲೆ ಈ ಭಾಗದ ಶಾಸನಗಳ ಶೋಧಕ್ಕೆ ಒಂದು ನೆಲೆ ಸಿಕ್ಕಿತು. ವೀರಗಲ್ಲು, ಮಾಸ್ತಿಕಲ್ಲುಗಳನ್ನು ಬರೀ ಶಾಸನವೆಂದಲ್ಲ, ಚಿತ್ರವೆಂದು, ಸಮಾಜದ ದಾಖಲೆಯೆಂದು ಓದುವ ಕೆಲಸ ಎಂ. ಚಿದಾನಂದಮೂರ್ತಿ, ಎಸ್. ಶೆಟ್ಟರ್, ಆರ್. ಶೇಷಶಾಸ್ತ್ರಿ ಅವರಂಥ ವಿದ್ವಾಂಸರಿಂದ ನಡೆಯಿತು. 1982ರಲ್ಲಿ ಶೆಟ್ಟರ್ ಅವರು ಜರ್ಮನಿಯ ಗುಂಥರ್ ಸೊಂಥೈಮರ್ ಅವರೊಡನೆ ಸಂಪಾದಿಸಿದ ಸ್ಮಾರಕ ಶಿಲೆಗಳ ಕುರಿತ ಗ್ರಂಥ ಧಾರವಾಡದಿಂದಲೇ ಹೊರಬಂತು.

ವಿದ್ವಾಂಸರು ಓದಿದರೂ ಊರಿನ ಕಲ್ಲು ಊರಿನಲ್ಲೇ ಇದೆ. ಅದರ ಗತಿ ಊರಿನವರ ಕೈಯಲ್ಲಿದೆ. ರಸ್ತೆ ಅಗಲವಾಗುವಾಗ, ಗುಡಿ ಹೊಸದಾಗುವಾಗ ಮೊದಲು ಪಕ್ಕಕ್ಕೆ ಬೀಳುವುದು ಈ ಕಲ್ಲು. ಕೆಲವು ಬಟ್ಟೆ ಒಗೆಯುವ ಹಾಸುಗಲ್ಲಾಗುತ್ತವೆ, ಕೆಲವು ಮೋರಿಯ ಮೇಲಿನ ಚಪ್ಪಡಿಯಾಗುತ್ತವೆ. ಭಕ್ತಿ ಹೆಚ್ಚಾದರೂ ಅಪಾಯವೇ. ಎಣ್ಣೆಬಣ್ಣ ಬಳಿದರೆ ಸಣ್ಣ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ನಿಧಿಯ ಆಸೆಯವರಂತೂ ಬುಡ ಅಗೆದು ಕಲ್ಲನ್ನೇ ಕೆಡವುತ್ತಾರೆ. ವೀರಗಲ್ಲಿನ ಕೆಳಗೆ ನಿಧಿ ಇಡುವ ಪದ್ಧತಿ ಇರಲಿಲ್ಲ. ಅಲ್ಲಿ ಇಟ್ಟದ್ದು ಒಂದು ಹೆಸರನ್ನು ಮಾತ್ರ.

ಊರೇ ಏಳುವ ಸಂದರ್ಭಗಳನ್ನೂ ಈ ಸೀಮೆ ಕಂಡಿದೆ. ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ 1980ರ ದಶಕದಲ್ಲಿ ಹಳೆಯ ಸೂಪಾ ಪಟ್ಟಣ ಮುಳುಗಿತು, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು. ಊರು ಎದ್ದಾಗ ಮನೆದೇವರು ಜೊತೆಗೆ ಹೋಗುತ್ತದೆ, ಗುಡಿಯ ಮೂರ್ತಿಗೂ ಹೊಸ ಗುಡಿ ಸಿಗುತ್ತದೆ. ಎಂಟುನೂರು ವರ್ಷಗಳ ಹಿಂದೆ ಸತ್ತ ದನಗಾಹಿಯ ಕಲ್ಲಿಗೆ ಮಾತ್ರ ವಾರಸುದಾರರು ಇರುವುದಿಲ್ಲ. ಅದನ್ನು ಹೊತ್ತೊಯ್ಯಲು ಅದು ಯಾರ ಮನೆಯದೂ ಅಲ್ಲ. ಎಲ್ಲರದೂ ಆದದ್ದು ಯಾರದೂ ಅಲ್ಲವಾಗುವುದು ಹೀಗೆ.

ಕಾನೂನು ಇಲ್ಲವೆಂದಲ್ಲ. 1961ರ ರಾಜ್ಯ ಕಾಯ್ದೆ ಪ್ರಾಚೀನ ಸ್ಮಾರಕಗಳ ರಕ್ಷಣೆಗಿದೆ. 1972ರ ಕೇಂದ್ರ ಕಾಯ್ದೆ ನೂರು ವರ್ಷಕ್ಕಿಂತ ಹಳೆಯ ಶಿಲ್ಪ, ಶಾಸನಗಳನ್ನು ಪ್ರಾಚ್ಯವಸ್ತುವೆಂದು ಪರಿಗಣಿಸಿ ಹೊರದೇಶಕ್ಕೆ ಸಾಗಿಸುವುದನ್ನು ತಡೆಯುತ್ತದೆ. ಆದರೆ ಪಟ್ಟಿಯಲ್ಲಿ ಸೇರದ, ಬಯಲಿನಲ್ಲಿ ನಿಂತ ಸಾವಿರಾರು ಕಲ್ಲುಗಳಿಗೆ ಊರಿನವರ ಕಣ್ಣೇ ಕಾವಲು. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಎಂಟನೇ ಶತಮಾನದ ಕಿತ್ತಯ್ಯನೆಂಬ ವೀರನ ಕಲ್ಲು ಪತ್ತೆಯಾದಾಗ ಸ್ಥಳೀಯರು ಮತ್ತು ಇತಿಹಾಸಾಸಕ್ತರು ಸೇರಿ ಅದಕ್ಕೊಂದು ಮಂಟಪ ಕಟ್ಟಿ ನಿಲ್ಲಿಸಿದರು. ಮಹಾನಗರದ ನಡುವೆ ಆಗುವ ಕೆಲಸ ಹಳ್ಳಿಯಲ್ಲಿ ಆಗಲಾರದ್ದೇನಲ್ಲ.

ಅದಕ್ಕೆ ಬೇಕಾದದ್ದು ಹೆಚ್ಚಿನದೇನೂ ಅಲ್ಲ. ಬಿದ್ದ ಕಲ್ಲನ್ನು ಎತ್ತಿ, ಅದು ಇದ್ದ ಜಾಗದ ಹತ್ತಿರವೇ ನಿಲ್ಲಿಸಬೇಕು. ಬಣ್ಣ ಬಳಿಯಬಾರದು, ಉಜ್ಜಿ ತೊಳೆಯಬಾರದು, ಸಿಮೆಂಟಿನಲ್ಲಿ ಅರ್ಧ ಹೂಳಬಾರದು. ಕೆಳಗಿನ ಅಂಕಣವೇ ಸಿಮೆಂಟಿನೊಳಗೆ ಹೋದರೆ ಆತ ಏತಕ್ಕೆ ಸತ್ತನೆಂಬುದೇ ಮರೆಯಾದಂತೆ. ಅಕ್ಷರ ಕಂಡರೆ ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸ ಅಧ್ಯಾಪಕರಿಗೋ ತಿಳಿಸಬೇಕು. ಊರಿನ ಶಾಲೆಯ ಮಕ್ಕಳನ್ನು ಒಮ್ಮೆ ಅದರ ಎದುರು ನಿಲ್ಲಿಸಿ ಕೆಳಗಿನಿಂದ ಮೇಲಕ್ಕೆ ಓದಿಸಿದರೆ ಮುಂದಿನ ಕೆಲಸವನ್ನು ಆ ಮಕ್ಕಳೇ ಮಾಡುತ್ತಾರೆ.

ಕಲ್ಲು ನಿಲ್ಲಿಸಿದವರು ತಮ್ಮ ಸತ್ತವನ ಹೆಸರು ಸೂರ್ಯ-ಚಂದ್ರರಿರುವವರೆಗೆ ಉಳಿಯಲಿ ಎಂದು ಬಯಸಿದ್ದರು. ಸೂರ್ಯ-ಚಂದ್ರರು ತಮ್ಮ ಪಾಲಿನ ಮಾತನ್ನು ಉಳಿಸಿಕೊಂಡಿದ್ದಾರೆ. ಈಗ ಉಳಿದಿರುವುದು ಊರಿನವರ ಪಾಲು.